ಯುದ್ಧಕಾಲದ ಜೀಪಿನ ಸೀಟು

ಯುದ್ಧಕಾಲದ ಹಳೆಯ ಜೀಪೊಂದನ್ನು ಭಾವ ಮತ್ತು ನಾನು ಸರಿಮಾಡುತ್ತಿದ್ದೆವು. ಒಂದು ಬೋಲ್ಟೂ ಹೊಸದಿರಬಾರದೆಂಬುದು ಭಾವನ ಹಟ. ಡ್ರೈವರ್ ಸೀಟನ್ನೂ ಅದೇ ಕಾಲದ್ದನ್ನೇ ಹುಡುಕಿ ತಂದು, ಕ್ಯಾನ್ವಾಸ್ ಬದಲಿಸದೆ ಕೂರಿಸಿದರು.

ಅಂದಿನಿಂದ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದಾಗ ಕಬ್ಬಿಣವೆಲ್ಲ ತಣ್ಣಗಿರುತ್ತಿತ್ತು. ಸೀಟು ಮಾತ್ರ ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿರುತ್ತಿತ್ತು. ಇನ್ನೊಂದು ಕೀಲಿ ಇದ್ದದ್ದು ಭಾವನ ಹತ್ತಿರ.

“ರಾತ್ರಿ ನೀವೇ ಬಂದು ಕೂರ್ತೀರಾ ತಾನೆ?” ಎಂದೆ.

“ಕಾವು ಕೊಡೋಕೆ ನಾನೇನು ಕೋಳಿನಾ?” ಎಂದು ನಕ್ಕರು.

ನಾನು ನಗಲಿಲ್ಲ. ಅವರು ಮುಖ ಗಂಟಿಕ್ಕಿದರು.

“ಅನುಮಾನಕ್ಕೆ ಮದ್ದಿಲ್ಲ ಕಣೋ. ಇವತ್ತು ಒಳಗಿದ್ದು ನಾನೇ ನೋಡ್ತೀನಿ. ಎರಡೂ ಕೀಲಿ ನೀನೇ ಇಟ್ಕೊಂಡು ಹೊರಗಿಂದ ಬೀಗ ಹಾಕು.”

ಹಾಕಿದೆ.

ಬೆಳಿಗ್ಗೆ ಬೀಗ ಹಾಗೆಯೇ ಇತ್ತು. ಒಳಗೆ ಭಾವ ಇರಲಿಲ್ಲ. ಅವರೆಲ್ಲಿ ಎಂದು ಅಕ್ಕ ಈಗಲೂ ನನ್ನನ್ನೇ ಕೇಳುತ್ತಾಳೆ.

ಆವತ್ತಿನಿಂದ ಪಕ್ಕದ ಸೀಟೂ ಬೆಚ್ಚಗಿರುತ್ತದೆ.