ಉಡಿ ತುಂಬಿದ ಕೇಸು

“ಹುಡುಗಿ ಎಲ್ಲದಾಳ ಹೇಳ್ತಿಯೋ, ಇಲ್ಲಾ ಈ ಅಂಡಗಿಯೊಳಗ ಹತ್ತಿ ಜೋಡಿ ನಿನ್ನೂ ತುಂಬಿ ಹೊಲಿಸಲೇನು?”

ಕೇಳಿದವರು ಲಕ್ಷ್ಮೇಶ್ವರದ ಹನಮಪ್ಪ ಸಾವ್ಕಾರರು.

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ತಲೆ ಹತ್ತಿಯ ರಾಶಿಯೊಳಗಿತ್ತು. ಕಾಲುಗಳು ಗೋದಾಮಿನ ತಗಡು ನೋಡುತ್ತಿದ್ದವು. ನಡುವಿನ ಭಾಗ ಸಾವ್ಕಾರರ ಪೈಲವಾನನ ತೋಳಿನಲ್ಲಿತ್ತು...

ಗದಗಿನ ಹತ್ತಿ ಎಂದರೆ ಮಲ್ಲಿಗೆ ಎನ್ನುತ್ತಾರೆ ಜನ. ಮೂಗಿನೊಳಗೆ ಹೊಗಿಸಿಕೊಳ್ಳದವರು ಆಡುವ ಮಾತು ಅದು!

“ಆ... ಆ...”

“ಹಾಂ, ಬಾಯಿ ಬಿಟ್ಟ ನೋಡು! ಹೇಳು ಮಗನ!”

“...ಆಕ್ಷೀ!”

ಅರ್ಧ ರಾಶಿ ಹಾರಿ ಸಾವ್ಕಾರರ ಮೀಸೆಯ ಮೇಲೆ ಕೂತಿತು.

ಅದೇ ಹೊತ್ತಿಗೆ ಬೀದಿಯಲ್ಲಿ ಡೊಳ್ಳು! ಕಹಳೆ! ಗೋದಾಮಿನ ಬಾಗಿಲು ದಡಾರನೆ ತೆರೆಯಿತು. ಹಮಾಲರು ಕೂಗಿದರು: “ಸಾವ್ಕಾರ್ರ, ಮೆರವಣಿಗಿ ಬಂತ್ರಿ! ಇವತ್ತ ಕೆಲಸ ಬಂದ್!”

ಐವತ್ತಾರನೇ ಇಸವಿಯ ನವೆಂಬರ್ ಒಂದು ಅದು. ನಾವೆಲ್ಲ ಮುಂಬೈ ರಾಜ್ಯದಿಂದ ಬಿಡಿಸಿಕೊಂಡು, ಕನ್ನಡದವರೆಲ್ಲ ಒಂದೇ ರಾಜ್ಯ ಎನಿಸಿಕೊಂಡ ದಿನ. ಮೇಲೆ ದೀಪಾವಳಿ ಬೇರೆ. ಬಾಗಿಲ ಮುಂದೆಯೇ ತಾಯಿ ಭುವನೇಶ್ವರಿಯ ಫೋಟೊ ಬಂತು.

ಪೈಲವಾನ ದೈವಭಕ್ತ. ನಮಸ್ಕಾರಕ್ಕೆ ಎರಡೂ ಕೈ ಬೇಕು. ನನ್ನನ್ನು ಬಿಟ್ಟ.

ತಲೆಕೆಳಗಾಗಿ ಬಿದ್ದೆ. ಎದ್ದೆ. ಓಡಿದೆ!

ಓಡುತ್ತಲೇ ಹಿಂದಿನದನ್ನು ಹೇಳಿಬಿಡುತ್ತೇನೆ, ಕೇಳಿ.

ನಾನು ಹರ್ತಿಯವನು. ಊರಲ್ಲಿ ತಪ್ಪಿಸಿಕೊಂಡ ಎಮ್ಮೆಯೊಂದನ್ನು ಹುಡುಕಿಕೊಟ್ಟದ್ದೇ ಎಡವಟ್ಟಾಯಿತು. ‘ನಿನ್ನ ಬುದ್ಧಿ ಪಟ್ಟಣದಾಗ ಇರಬೇಕಾದದ್ದು’ ಎಂದು ಯಾರೋ ಹೊಗಳಿದರು. ನಂಬಿದೆ! ಗದಗಿಗೆ ಬಂದೆ. ಟೋಪಿಯೊಂದನ್ನು ಕೊಂಡೆ. ಕಳೆದದ್ದನ್ನು ಹುಡುಕಿಕೊಡುವ ಧಂದೆ ತೆರೆದೆ. ಡಿಟೆಕ್ಟಿವ್! ಈ ತನಕ ಹುಡುಕಿದ್ದು ಒಂದಷ್ಟು ಛತ್ರಿ, ಓಡಿಹೋದ ಒಬ್ಬ ಅಳಿಯ. ಅಳಿಯ ತಾನೇ ವಾಪಸ್ ಬಂದ. ಕೀರ್ತಿ ನನಗೆ ಬಂತು.

ಪಟ್ಟಣದಲ್ಲಿ ಕಳ್ಳನನ್ನು ಹುಡುಕಬಹುದು. ರೂಮು?

ಯಪ್ಪಾ!

“ಲಗ್ನ ಆಗೇತೇನ್ ತಮ್ಮಾ?”

“ಇಲ್ರಿ.”

ಬಾಗಿಲು ಬಂದ್.

ಗದಗಿನ ಎಲ್ಲ ಓಣಿಗಳ ಬಾಗಿಲುಗಳನ್ನೂ ಹೊರಗಿನಿಂದ ಬಲ್ಲೆ ನಾನು. ಹೀಗಾಗಿ ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆಯೊಡತಿ ಕರಿಯವ್ವ ಅದೇ ಪ್ರಶ್ನೆ ಕೇಳಿದಾಗ ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: “ಆಗೇತ್ರಿ! ಹೇಂತಿ ತವರಮನಿಗೆ ಹೋಗ್ಯಾಳ, ಮುಂಡರಗಿಗೆ.”

ರೂಮು ಸಿಕ್ಕಿತು. ನೆಮ್ಮದಿ ಹೋಯಿತು.

ಶೇಂಗಾ ಕಿತ್ತ ಮೇಲೆ ಬರುತ್ತಾಳೆ ಎಂದೆ. ಕಿತ್ತರು. ಆಕಳು ಈದ ಮೇಲೆ ಎಂದೆ. ಈದಿತು. ಹೋಳಿಗೆ ಮಾಡಿದಾಗಲೆಲ್ಲ ಕರಿಯವ್ವ ನನಗೆ ಇಬ್ಬರ ಪಾಲು ಕೊಡುತ್ತಿದ್ದಳು. “ಇದು ನಿನ್ನ ಹೇಂತೀದು, ಜ್ವಾಪಾನ ಮಾಡಿ ಇಟ್ಟಿರು” ಎನ್ನುತ್ತಿದ್ದಳು. ಇಲ್ಲದ ಹೆಂಡತಿಯ ಪಾಲನ್ನು ನಾನೇ ತಿಂದೆ. ಹೊಟ್ಟೆ ಬಂದದ್ದೂ ನನಗೇ!

ಹಬ್ಬದ ವಾರ ಆಕೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು: “ದೀಪಾವಳಿಗೆ ಬರಲಿಲ್ಲಂದ್ರ, ನಾನಽ ಮುಂಡರಗಿಗೆ ಹೋಗಿ ಕರಕೊಂಡು ಬರ್ತೀನಿ!”

ಚಾಕು ತೋರಿಸಿದವರನ್ನು ಕಂಡಿದ್ದೇನೆ. ಗಂಟುಮೂಟೆ ಕಟ್ಟಿದ್ದು ಅಂದೇ...

ಅಂಥ ಟೈಮಿನಲ್ಲಿ ಬಂದರು ಹನಮಪ್ಪ ಸಾವ್ಕಾರರು.

“ನನ್ನ ಅಕ್ಕನ ಮಗಳು ಮಂಜವ್ವ, ಶಿರಹಟ್ಟಿಯಿಂದ ಓಡಿ ಬಂದಾಳ. ಪಾಡ್ಯದ ದಿನ ಅಕಿಗೂ ನನಗೂ ಲಗ್ನ. ಹುಡುಕಿಕೊಡು. ಟೇಶನ್ ಹತ್ರ ನಂದೊಂದು ಖೋಲಿ ಖಾಲಿ ಐತಿ, ನಿನಗ ಕೊಡ್ತೀನಿ.”

“ನನಗ ಇನ್ನಾ ಲಗ್ನ...”

“ಆಗಿರಲಿಲ್ಲಂದ್ರೂ ನಡೀತೈತಿ!”

ದೇವರೇ ಮಾತಾಡಿದ ಹಾಗಾಯಿತು. ಕೇಸ್ ಒಪ್ಪಿಕೊಂಡೆ!

ಹುಡುಗಿ ಮೆರವಣಿಗೆಯ ದಿನ ಬೆಳಿಗ್ಗೆಯೇ ಸಿಕ್ಕಳು. ನಿಜ ಹೇಳುತ್ತೇನೆ, ಸಿಕ್ಕಿಬಿದ್ದವನು ನಾನು. ಸ್ಟೇಶನ್ನಿನಲ್ಲಿ ಹೆಂಗಸರ ವೇಟಿಂಗ್ ರೂಮಿನ ಎದುರು ಹೊಂಚು ಹಾಕಿ ಕೂತಿದ್ದೆ. ಒಳಗಿನಿಂದ ಚೀಲ ಹಿಡಿದ ಒಬ್ಬ ಹುಡುಗಿ ನೇರ ನನ್ನತ್ತ ಬಂದಳು.

“ನಮ್ಮ ಮಾವ ಕಳಿಸಿದವರು ನೀವಽ ಅಲ್ಲೇನ್ರಿ?”

“ಹೆಂಗ... ಹೆಂಗ ಗೊತ್ತಾತು?”

“ಮಳಿ ಇಲ್ಲ, ಬಿಸಲಿಲ್ಲ. ತಗಡಿನ ಕೆಳಗ ಕುಂತು ಛತ್ರಿ ಬಿಚ್ಚಿ ಹಿಡದೀರಿ!”

ಛತ್ರಿ ಮಡಚಿದೆ. ಮಾನ ಮಡಚಲು ಆಗಲಿಲ್ಲ.

ಅವಳು ನೆಟ್ಟಗೆ ನಿಂತೇ ಹೇಳಿದಳು: “ಹುಬ್ಬಳ್ಳ್ಯಾಗ ನರ್ಸ್ ಟ್ರೇನಿಂಗಿಗೆ ಸೀಟ್ ಸಿಕ್ಕೈತ್ರಿ. ಸಂಜಿ ಗಾಡಿ ಹತ್ತಿದ್ರ ಬದಕಿದೆ. ಮಾವನ ಕೈಗೆ ಸಿಕ್ಕರ ಪಾಡ್ಯಕ್ಕ ತಾಳಿ. ಅವಗ ನನ್ನ ಮ್ಯಾಲ ಮಾಯಾ ಇಲ್ಲ, ಮಮತಾ ಇಲ್ಲ. ‘ಸ್ವಾದರಮಾವನ ಹಕ್ಕು’ ಅಂತಾನ, ಹೊಲಾ ಅಳದಂಗ! ನಿಮಗ ಏನ್ ಕೊಡತೀನಂದಾನ?”

“ಖೋಲಿ.”

“ಒಂದು ಖೋಲಿಗೆ ನನ್ನ ಮಾರತೀರೇನು?”

ನೀನು ಗದಗಿನಲ್ಲಿ ರೂಮು ಹುಡುಕಿಲ್ಲ ತಂಗಿ, ಅದಕ್ಕೇ ಹೀಗೆ ಕೇಳುತ್ತೀ... ಎನ್ನಬೇಕೆಂದೆ. ಅವಳ ಕಣ್ಣು ನೋಡಿದೆ. ಅವಳ ಚೀಲ ಎತ್ತಿಕೊಂಡೆ.

ಅವಳನ್ನು ಗೆಳೆಯ ನಜೀರಸಾಬನ ಟಾಂಗಾದಲ್ಲಿ ಪರದೆ ಎಳೆದು ಕೂರಿಸಿದೆ. ಅಲ್ಲಿಗೇ ಸುಮ್ಮನಿದ್ದಿದ್ದರೆ! ಬುದ್ಧಿವಂತ ನಾನು, ಸಾವ್ಕಾರರ ದಾರಿ ತಪ್ಪಿಸಲು ಗೋದಾಮಿಗೆ ಹೋಗಿ, “ಹುಡುಗಿ ಬಳ್ಳಾರಿ ಕಡೆ ಹೋದಳ್ರಿ” ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿಗಳು ಕೆಂಪಾಗುತ್ತವೆ. ಸಾವ್ಕಾರರು ನನ್ನ ಮಾತು ಕೇಳಲಿಲ್ಲ. ಕಿವಿ ನೋಡಿದರು!

ಮುಂದಿನದು ನಿಮಗೆ ಗೊತ್ತೇ ಇದೆ. ಹತ್ತಿ!

“ಹಿಡೀರಿ ಅವನ್ನ!” ಹಿಂದಿನಿಂದ ಸಾವ್ಕಾರರ ದನಿ.

ಮೆರವಣಿಗೆಯೊಳಗೆ ನುಗ್ಗಿದೆ. ಡೊಳ್ಳಿನವರ ನಡುವೆ ತೂರಿದೆ. ಯಾರೋ ನನ್ನನ್ನು ವೇಷದವನೆಂದು ತಿಳಿದು ಹೂ ಎಸೆದರು. ತಲೆಯಿಂದ ಕಾಲಿನವರೆಗೆ ಹತ್ತಿ ಮೆತ್ತಿಕೊಂಡ ನಾನು ನೋಡಲು ಹೇಗಿದ್ದೆನೋ... ಮೂಲೆಯಲ್ಲಿ ನಿಂತಿದ್ದ ನಜೀರಸಾಬನೇ ಹೇಳಿದ.

“ಯಾ ಅಲ್ಲಾ! ಸಾಹೇಬ್ರ, ಥೇಟ್ ಕುರಿ! ಉಣ್ಣಿ ಕತ್ತರಸೋದು ಯಾವಾಗ?”

“ಹೊಡಿ ಟಾಂಗಾ! ಬೆಟಗೇರಿಗೆ! ಜಲ್ದಿ!”

“ಅಲ್ಲಿ ಯಾರದಾರ್ರಿ?” ಪರದೆಯ ಒಳಗಿನಿಂದ ಮಂಜವ್ವ.

“ನನ್ನ ಮನಿ ಐತಿ. ಸಂಜಿತನಕ ಅಲ್ಲಿರೋದು.”

“ಮನ್ಯಾಗ ಯಾರು?”

“ಹೇಂತಿ.”

“ಅವ್ರು ಏನಾರ ಅಂದ್ರ?”

“ಅನ್ನೂದಿಲ್ಲ. ಯಾಕಂದ್ರ... ಹೇಂತಿ ನೀವಽ!”

ವಿವರಿಸಿದೆ. ಅವಳು ನಗಲಿಲ್ಲ. ನಕ್ಕದ್ದು ನಜೀರಸಾಬ. ಕುದುರೆಯೂ ಕೆನೆಯಿತು. ಅದಕ್ಕೂ ಅರ್ಥವಾಗಿರಬೇಕು.

“ಆತು,” ಎಂದಳು ಮಂಜವ್ವ. “ಸಂಜಿತನಕ ಅಷ್ಟಽ.”

ಜೀವಮಾನದಲ್ಲಿ ನನಗೆ ಸಿಕ್ಕ ಒಂದೇ ಒಂದು ಸಂಬಂಧ. ಅದಕ್ಕೂ ರೈಲಿನ ಟೈಮು!

ಓಣಿಯಲ್ಲಿ ಇಳಿದರೆ... ಓಣಿಯ ಹೆಂಗಸರೆಲ್ಲ ಕರಿಯವ್ವನ ಕಟ್ಟೆಯ ಮೇಲೆ ನೆರೆದಿದ್ದರು! ಭುವನೇಶ್ವರಿಯ ಫೋಟೊ ಇಟ್ಟು ಉಡಿ ತುಂಬುವ ಕಾರ್ಯಕ್ರಮ.

ಕರಿಯವ್ವ ನನ್ನನ್ನು ನೋಡಿದಳು. ಮಂಜವ್ವನನ್ನು ನೋಡಿದಳು. ಕೈಯಲ್ಲಿನ ತಂಬಿಗೆ ಕೆಳಗಿಟ್ಟಳು.

“ಬಂದೇನ ನಮ್ಮವ್ವಾ! ಅಂತೂ ಆಕಳ ಈದು ಮುಗೀತು?”

ಮಂಜವ್ವ ನನ್ನ ಕಡೆ ತಿರುಗಿದಳು. ಯಾವ ಆಕಳು ಎಂಬಂತೆ!

ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಣೆ ಹಾಕಿದರು. ಕೂರಿಸಿದರು. ಅರಿಶಿನ, ಕುಂಕುಮ, ಹಸಿರು ಬಳೆ. ಸೆರಗೊಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆಅಡಿಕೆ ಹಾಕಿ ಉಡಿ ತುಂಬಿದರು. ಸೆರಗಿನ ಗಂಟು ನಡುವಿಗೆ ಸಿಗಿಸಿದರು. ಬಾಗಿಲ ಬಳಿ ನಿಂತು ಮೈಮೇಲಿನ ಹತ್ತಿ ಕೀಳುತ್ತ ನಾನು ಅಂದುಕೊಂಡೆ: ಪ್ಲಾನ್ ಸಕ್ಸಸ್!

ಆಗ ಕರಿಯವ್ವ ಕೈ ತಟ್ಟಿದಳು.

“ಹೂಂ, ಈಗ ಗಂಡನ ಹೆಸರು ಹೇಳ ನಮ್ಮವ್ವಾ! ಒಡಪು ಹಾಕಿ ಹೇಳಬೇಕು!”

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಗಂಡನ ಹೆಸರನ್ನು ಹೆಂಡತಿ ಉಳಿದ ದಿನ ಬಾಯಿಗೆ ತರುವಂತಿಲ್ಲ. ಇಂಥ ದಿನ ಪ್ರಾಸ ಕಟ್ಟಿ ಹೇಳದೆ ಬಿಡುವಂತಿಲ್ಲ. ಅವಳು ನನ್ನ ಕಡೆ ನೋಡಿದಳು.

ಅವಳಿಗೆ ನನ್ನ ಹೆಸರು ಹೇಳಿರಲಿಲ್ಲ!

ಮುಂಡರಗಿಯ ತವರು ಹೇಳಿದ್ದೆ. ಕರಿಯವ್ವನ ಸಿಟ್ಟು ಹೇಳಿದ್ದೆ. ಆಕಳನ್ನೂ ಹೆಸರನ್ನೂ ಬಿಟ್ಟು ಎಲ್ಲ ಹೇಳಿದ್ದೆ. ನೋಡಿ, ಇಷ್ಟು ಹೊತ್ತಿನಿಂದ ಬಡಬಡಿಸುತ್ತಿದ್ದೇನೆ, ನಿಮಗೂ ಹೇಳಿಲ್ಲ! ಇಂಥವನು ಡಿಟೆಕ್ಟಿವ್!

ಯಂಕಪ್ಪ. ಯಂಕಪ್ಪ ಅಂತ ನನ್ನ ಹೆಸರು.

ಕೂಗಿ ಹೇಳಲೇ? ಹೆಂಡತಿಗೆ ತನ್ನ ಹೆಸರು ತಾನೇ ಹೇಳಿಕೊಡುವ ಗಂಡನನ್ನು ಓಣಿ ಬಿಟ್ಟೀತೇ?

“ಹೇಳಲಿ, ಹೇಳಲಿ. ನಾನೂ ಕೇಳ್ತೀನಿ!”

ಎಲ್ಲರೂ ತಿರುಗಿದರು. ಓಣಿಯ ಬಾಯಲ್ಲಿ ಹನಮಪ್ಪ ಸಾವ್ಕಾರರು! ಪಕ್ಕದಲ್ಲಿ ಪೈಲವಾನ. ಸಾವ್ಕಾರರ ಬೊಗಸೆಯಲ್ಲಿ ಹತ್ತಿ.

“ಗೋದಾಮಿನಿಂದ ಇಲ್ಲಿತನಕ ಉದುರಿಸಿಕೋತ ಬಂದೀಯಲ್ಲೋ ಮಗನ! ಹತ್ತಿ ಆರಿಸಿಕೋತ ಬಂದ್ವಿ!”

ಊರಿಗೆಲ್ಲ ಪತ್ತೆ ಹಚ್ಚುವವನು ನಾನು. ನನ್ನ ಪತ್ತೆ ನಾನೇ ಕೊಟ್ಟಿದ್ದೆ.

“ಯಾರಪಾ ನೀನು?” ಕರಿಯವ್ವ ಎದ್ದಳು.

“ಇಕಿ ನನ್ನ ಅಕ್ಕನ ಮಗಳು. ಪಾಡ್ಯಕ್ಕ ನನ್ನ ಹೇಂತಿ ಆಗಾಕಿ.”

“ಇಕಿ ನಮ್ಮ ಬಾಡಿಗಿ ಹುಡುಗನ ಹೇಂತಿ!”

ಸಾವ್ಕಾರರು ನಕ್ಕರು. “ಹೌದಾ? ಹಂಗಾದ್ರ ಗಂಡನ ಹೆಸರು ಹೇಳಲಿ. ಹೇಳಿದ್ಲಂದ್ರ ಬಂದ ದಾರಿ ಹಿಡೀತೀನಿ. ಹೇಳಲಿಲ್ಲಂದ್ರ ಈಗಿಂದೀಗ ನನ್ನ ಜೋಡಿ ಲಕ್ಷ್ಮೇಶ್ವರಕ್ಕ!”

ಹೆಂಗಸರೆಲ್ಲ ಮಣೆಯ ಕಡೆ ತಿರುಗಿದರು. ಮಗ್ಗಗಳೂ ನಿಂತಿದ್ದವು.

ಮಂಜವ್ವ ಮಣೆಯಿಂದ ಎದ್ದಳು. ತುಂಬಿದ ಉಡಿಯನ್ನು ಎಡಗೈಯಲ್ಲಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. ಮಾವನನ್ನೇ ನೋಡುತ್ತ ಗಟ್ಟಿಯಾಗಿ ಹೇಳಿದಳು:

“ಹತ್ತಿ ಬಿಡಿಸಿದ್ರ ಗದಗ, ನೂಲು ನೇದ್ರ ಬೆಟಗೇರಿ,
ಮಾವನ ಹಕ್ಕು ಮಾವಗಿರಲಿ, ನನ್ನದು ರೈಲಿನ ದಾರಿ!
ಗಂಡನ ಹೆಸರು ಹೇಳಾಕ ಗಂಡ ಇನ್ನಾ ಸಿಗಬೇಕು,
ಮಂಜವ್ವ ಅಂತ ನನ್ನ ಹೆಸರು, ಇವತ್ತಿಗದಽ ಸಾಕು!”



ಕರಿಯವ್ವ ಮೆಲ್ಲಗೆ ನನ್ನ ಕಡೆ ಕತ್ತು ಹೊರಳಿಸಿದಳು. ನಾನು ಹತ್ತಿ ಕೀಳುವುದರಲ್ಲಿ ಬಹಳ ಬಿಜಿಯಾಗಿದ್ದೆ.

“ಕೇಳಿದ್ರೆಲ್ಲ? ಬಾಯಿಬಿಟ್ಟು ಒಪ್ಪಿದ್ಲು!” ಸಾವ್ಕಾರರು ಕೂಗಿದರು. “ಪೈಲವಾನ, ಎತ್ತಿ ಗಾಡ್ಯಾಗ ಹಾಕು!”

ಪೈಲವಾನ ಒಂದು ಹೆಜ್ಜೆ ಇಟ್ಟ. ಅವಳ ಉಡಿ ನೋಡಿದ. ನಿಂತ.

“ಆಗೂದಿಲ್ರಿ ಸಾವ್ಕಾರ್ರ.”

“ಯಾಕಲೇ?”

“ಉಡಿ ತುಂಬಿಸಿಕೊಂಡು ನಿಂತಾಳ್ರಿ. ಎತ್ತಿದ್ರ ಅಕ್ಕಿ ನೆಲಕ್ಕ ಚೆಲ್ಲತೈತಿ. ನಾನೂ ಮಕ್ಕಳ ತಂದಿ, ನನ್ನ ಕೈಯಿಂದ ಆಗೂದಿಲ್ಲ.”

“ಹಂಗಾದ್ರ ನಾನಽ ಎಳಕೊಂಡು ಹೊಕ್ಕೀನಿ!”

ಸಾವ್ಕಾರರು ಕಟ್ಟೆಗೆ ಹಾರಿದರು. ನಾನೂ ಹಾರಿದೆ! ಅಡ್ಡ ನಿಂತು ಕೊರಳಪಟ್ಟಿ ಹಿಡಿಯುವುದು ನನ್ನ ಪ್ಲಾನು. ಆದರೆ ಮೆಟ್ಟಿಲ ಮೇಲೆ ಆರತಿಯ ನೀರು ಚೆಲ್ಲಿತ್ತು. ಜಾರಿದೆ. ಅಂಗಾತ ಬಿದ್ದೆ. ಸಾವ್ಕಾರರು ನನ್ನನ್ನು ಎಡವಿ, ಅರಿಶಿನದ ನೀರಿನ ಕೊಪ್ಪರಿಗೆಯಲ್ಲಿ ಮುಖ ಇಟ್ಟರು.

ನನ್ನ ಶೌರ್ಯದ ಪೂರ್ತಿ ಕಥೆ ಅಷ್ಟೇ. ಹೊಸ್ತಿಲಿನ ಕೆಲಸ.

ಅವರು ತಲೆ ಎತ್ತಿದಾಗ ಮದುಮಗನ ಹಾಗೆ ಹಳದಿಯಾಗಿದ್ದರು. ಸುತ್ತ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಲಾಳಿ, ಲಟ್ಟಣಿಗೆ, ಕಸಬರಿಗೆ.

ಕರಿಯವ್ವ ಸೆರಗು ಸಿಗಿಸಿದಳು.

“ಕೇಳಪಾ ಹಿರಿಯಾ. ಮುತ್ತೈದಿ ಅಂತ ತಿಳದು ಉಡಿ ತುಂಬಿದ್ವಿ. ಅದು ಸುಳ್ಳಾತು, ಆಗಲಿ. ತುಂಬಿದ ಉಡಿ ಸುಳ್ಳಾಗೂದಿಲ್ಲ! ಈಗ ಇಕಿ ಈ ಓಣಿ ಮಗಳು. ಮಗಳನ್ನ ಹೆಂಗ ಕಳಸಬೇಕು, ಎಲ್ಲಿಗೆ ಕಳಸಬೇಕು, ನಮಗ ಗೊತ್ತೈತಿ. ಮಾರಿ ತೊಳಕೊಂಡು ನಡಿ!”

ಸಾವ್ಕಾರರು ಪೈಲವಾನನ ಕಡೆ ನೋಡಿದರು. ಪೈಲವಾನ ಫೋಟೊಕ್ಕೆ ಕೈಮುಗಿದು ಪ್ರಸಾದದ ಸಕ್ಕರೆ ತಿನ್ನುತ್ತಿದ್ದ.

ಸಂಜೆ ಮಂಜವ್ವ ಸ್ಟೇಶನ್ನಿಗೆ ಹೋದ ಬಗೆ ನೀವು ನೋಡಬೇಕಿತ್ತು! ಮುಂದೆ ನಜೀರಸಾಬನ ಟಾಂಗಾ, ಪರದೆ ಕಿತ್ತು ಹಾಕಿದ್ದ. ಹಿಂದೆ ಹಾಡು ಹೇಳುತ್ತ ಇಡೀ ಓಣಿ. ದಾರಿಯಲ್ಲಿ ಮೆರವಣಿಗೆಯವರು, ಇದೂ ರಾಜ್ಯದ್ದೇ ಕಾರ್ಯಕ್ರಮ ಎಂದುಕೊಂಡು ಡೊಳ್ಳು ಸಮೇತ ಸೇರಿಕೊಂಡರು. ದೂರದಲ್ಲಿ ಸಾವ್ಕಾರರು ನಿಂತು ನೋಡಿದರು. ಕಿವಿಯ ಹಿಂದೆ ಇನ್ನೂ ಹಳದಿ ಇತ್ತು.

ಹುಬ್ಬಳ್ಳಿ ಗಾಡಿ ಬಂತು. ಹತ್ತಿದಳು. ಕಿಟಕಿಯಿಂದ ನನ್ನನ್ನು ಕರೆದಳು.

“ಖರೇ ನಿಮ್ಮ ಹೆಸರೇನ್ರಿ?”

“ಯಂಕಪ್ಪ.”

ಒಂದು ಗಳಿಗೆ ಯೋಚಿಸಿದಳು. ಬೆಳಗಿನಿಂದ ಮೊದಲ ಸಲ ನಕ್ಕಳು.

“ಗೊತ್ತಿರಲಿಲ್ಲ, ಚೊಲೊ ಆತು ಬಿಡ್ರಿ. ಪ್ರಾಸಕ್ಕ ಕೂಡತಿರಲಿಲ್ಲ!”

ಗಾಡಿ ಹೊರಟಿತು. ನಾನು ಟೋಪಿ ಎತ್ತಿದೆ. ಟೋಪಿಯಿಂದ ಹತ್ತಿ ಉದುರಿತು.

ಪಕ್ಕದಲ್ಲಿ ಕರಿಯವ್ವ ನಿಂತಿದ್ದಳು. ಕಣ್ಣೊರೆಸಿಕೊಂಡು ಅದೇ ಕೈಯನ್ನು ನನ್ನ ಮುಂದೆ ಚಾಚಿದಳು. ನಾನು ಉಡದಾರದಲ್ಲಿ ಕಟ್ಟಿದ್ದ ರೂಮಿನ ಕೀಲಿಕೈ ಬಿಚ್ಚಿ ಕೊಟ್ಟೆ.

ಕನ್ನಡದವರೆಲ್ಲ ಒಂದೇ ಮನೆಯವರಾದ ದಿನ ಅದು... ಗದಗಿನಲ್ಲಿ ಅಂದು ಮನೆ ಕಳೆದುಕೊಂಡವನು ನಾನೊಬ್ಬನೇ!