ಹನ್ನೆರಡನೇ ಹೋಳು

ಹನ್ನೊಂದು ಮಕ್ಕಳೂ ನಿದ್ದೆಯಲ್ಲಿದ್ದವು. ಎಬ್ಬಿಸಿದರೆ ಏಳಲಿಲ್ಲ.

ಮಧ್ಯಾಹ್ನ ಒಂದು ಗಂಟೆ. ನರಸಿಂಹರಾಜಪುರದ ಅಕ್ಕಿ ಗಿರಣಿಯ ಸೀಟಿ ಆಗಷ್ಟೇ ಕೂಗಿ ನಿಂತಿತ್ತು. ಭತ್ತ ಬೇಯಿಸಿ ಒಣಹಾಕುವ ಹೆಂಗಸರು ಮಕ್ಕಳಿಗೆ ಹಾಲೂಡಿಸಲು ಎದುರಿನ ಶಿಶುವಿಹಾರಕ್ಕೆ ಬಂದಿದ್ದರು. ಮೊದಲು ಬಂದವಳು ಕಲ್ಲಮ್ಮ. ತೊಟ್ಟಿಲಿನಿಂದ ಮಗುವನ್ನೆತ್ತಿ ಎದೆಗಿಟ್ಟುಕೊಂಡಳು. ಮಗು ಬಾಯಿ ತೆರೆಯಲಿಲ್ಲ. ಕೆನ್ನೆ ತಟ್ಟಿದಳು. ಅಂಗಾಲು ಕೆರೆದಳು. ಮಗುವಿನ ಕತ್ತು ಒಂದು ಕಡೆ ವಾಲಿತು.

ಅವಳ ಕೂಗು ಠಾಣೆಯವರೆಗೂ ಕೇಳಿಸಿತು. ಹೆಡ್ ಕಾನ್‌ಸ್ಟೇಬಲ್ ಜಟ್ಟಪ್ಪನಾದ ನಾನು ಊಟ ಮುಗಿಸಿ ಬೆಂಚಿನ ಮೇಲೆ ಒರಗಿದ್ದೆ. ಸುಳ್ಳೇಕೆ ಹೇಳಲಿ, ಅರ್ಧ ಕನಸಿನಲ್ಲಿದ್ದೆ. ಟೋಪಿ ಹುಡುಕಿಕೊಂಡು ಓಡಿದೆ. ಆ ಮಧ್ಯಾಹ್ನ ನಾನು ಪೂರ್ತಿ ಎಚ್ಚರವಾದೆನೋ ಇಲ್ಲವೋ, ಇವತ್ತಿಗೂ ಅನುಮಾನ.

ಮಕ್ಕಳ ವರ್ಷ ಅಂತ ರೇಡಿಯೋ ದಿನಾ ಹೇಳುತ್ತಿದ್ದ ವರ್ಷ ಅದು. ಶಿಶುವಿಹಾರವೆಂದರೆ ಗಿರಣಿಯ ಒಂದು ಹಳೇ ಗೋದಾಮು, ಸುಣ್ಣ ಬಳಿದದ್ದು. ದುಡಿಯುವ ತಾಯಂದಿರಿಗೆಂದು ಸರ್ಕಾರ ನೆರವು ಕೊಡುತ್ತಿತ್ತು: ತೊಟ್ಟಿಲು, ಹಾಲಿನ ಪುಡಿ, ಆಯಾಳ ಸಂಬಳ. ನಡೆಸುವುದು ಊರಿನ ಮಹಿಳಾ ಸಮಾಜ. ಅದಕ್ಕೆ ಮೊದಲು ಮಕ್ಕಳು ಗಿರಣಿಯ ಅಂಗಳದಲ್ಲೇ ಬೆಳೆಯುತ್ತಿದ್ದವು. ಕಲ್ಲಮ್ಮನ ದೊಡ್ಡ ಮಗಳು ಹೊಟ್ಟಿನ ಬೂದಿಯ ಗುಡ್ಡೆ ಹತ್ತಿದ್ದಳು. ಮೇಲೆ ತಣ್ಣಗಿತ್ತು, ಒಳಗೆ ಕೆಂಡ. ಅವಳು ಈಗಲೂ ಪಾದ ಎಳೆದುಕೊಂಡೇ ನಡೆಯುತ್ತಾಳೆ.

ಒಳಗೆ ಹೋದಾಗ ನಾನು ಬಾಗಿಲಲ್ಲೇ ನಿಂತೆ. ಕಿಟಕಿಯಿಂದ ಬಿಸಿಲುಕೋಲು ಇಳಿದಿತ್ತು. ಅದರಲ್ಲಿ ತೌಡಿನ ಪುಡಿ ಮೆಲ್ಲಗೆ ತೇಲುತ್ತಿತ್ತು. ಬೆಂದ ಭತ್ತದ ಹಬೆ. ಹನ್ನೊಂದು ತೊಟ್ಟಿಲು, ಹನ್ನೊಂದು ಶಾಂತ ಮುಖ. ತಾಯಂದಿರ ಅಳು ಇರದಿದ್ದರೆ ನಾನೂ ಅಲ್ಲೇ ಚಾಪೆಯ ಮೇಲೆ ಮಲಗಿಬಿಡುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ಒಂದೊಂದೇ ಮಗುವಿನ ನಾಡಿ ಹಿಡಿದು ನೋಡಿದರು. "ಜೀವಕ್ಕೆ ಭಯ ಇಲ್ಲ. ಯಾವುದೋ ಮತ್ತು. ಸಂಜೆಗೆ ಇಳೀಬಹುದು. ಇನ್ನೊಂದು ಚೂರು ಜಾಸ್ತಿಯಾಗಿದ್ರೆ ನಾನು ಏನೂ ಹೇಳೋಕೆ ಆಗ್ತಿರಲಿಲ್ಲ."

ಆಗ ನನ್ನ ಕಾಲಿಗೆ ಏನೋ ತಾಕಿತು. ಹನ್ನೆರಡನೇ ಮಗು. ಎರಡು ವರ್ಷದ ಹುಡುಗಿ. ಕಣ್ಣರಳಿಸಿ ನನ್ನ ಬೂಟಿನ ದಾರ ಎಳೆಯುತ್ತಿತ್ತು.

"ಇದು ಯಾರ ಮಗು?"

"ನಂದೇ ಸ್ವಾಮಿ. ಶಾಕಿರಾ." ಮೂಲೆಯಿಂದ ಆಯಾ ಮೆಹರ್ ಬಾನು ಮಾತಾಡಿದಳು.

ಅಳುತ್ತಿದ್ದ ತಾಯಂದಿರೆಲ್ಲ ಅವಳತ್ತ ತಿರುಗಿದರು.

*

ದುರದೃಷ್ಟಕ್ಕೆ ಅವತ್ತೇ ಚಿಕ್ಕಮಗಳೂರಿನಿಂದ ಅಧಿಕಾರಿ ಬಂದಿದ್ದರು. ಪರಮಶಿವಯ್ಯ ಅಂತ. ಮುಂದಿನ ವರ್ಷವೂ ನೆರವು ಕೊಡಬೇಕೋ ಬೇಡವೋ ಅವರ ವರದಿಯ ಮೇಲೆ ನಿಂತಿತ್ತು. ಹನ್ನೆರಡು ಗಂಟೆಗೆ ಬಂದವರು ತೊಟ್ಟಿಲುಗಳನ್ನು ನೋಡಿ, "ಮಕ್ಕಳಲ್ಲಿ ಶಿಸ್ತು ಮೆಚ್ಚುವಂತಿದೆ" ಎಂದು ಪುಸ್ತಕದಲ್ಲಿ ಬರೆದಿದ್ದರು. ಈಗ ಆ ಸಾಲಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದರು.

"ಐದು ಗಂಟೆ ಬಸ್ಸಿಗೆ ಕೊಪ್ಪಕ್ಕೆ ಹೋಗಬೇಕು. ಅಷ್ಟರಲ್ಲಿ ಯಾರು ಮಾಡಿದ್ದು ಅಂತ ಗೊತ್ತಾಗದಿದ್ರೆ ಮುಚ್ಚಿಸೋಕೆ ಬರೀತೇನೆ. ನನಗೆ ಬೇರೆ ದಾರಿ ಇಲ್ಲ."

ಮಹಿಳಾ ಸಮಾಜದ ಅಧ್ಯಕ್ಷೆ ದಾಕ್ಷಾಯಣಮ್ಮ ಕುರ್ಚಿಯಲ್ಲಿ ಕೂತಿದ್ದರು. ಐದು ಮಕ್ಕಳನ್ನು ಹೆತ್ತು ಬೆಳೆಸಿದ ತಾಯಿ. ಈ ಶಿಶುವಿಹಾರಕ್ಕಾಗಿ ಎಷ್ಟು ಆಫೀಸಿನ ಮೆಟ್ಟಿಲು ಹತ್ತಿ ಇಳಿದಿದ್ದರೋ. ಎಲೆಯಡಿಕೆ ಸಂಚಿ ಬಿಚ್ಚಿ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ ಅಧಿಕಾರಿಗೆ ಕೊಟ್ಟರು. ನನಗೂ ಎರಡು ಹೋಳು ಸಿಕ್ಕಿತು. ಒಂದನ್ನು ಬಾಯಿಗೆ ಹಾಕಿಕೊಂಡೆ, ಒಂದನ್ನು ಜೇಬಿಗೆ.

"ಮತ್ತೇನು ಕೇಳೋದಿದೆ ಜಟ್ಟಪ್ಪ?" ಎಂದರು ಅವರು, ನನ್ನ ಮುಖ ನೋಡದೆ. "ಹಾಲು ಕಲಸೋದು ಆಯಾ. ಎಲ್ಲಾ ಮಕ್ಕಳೂ ಮಲಗಿದಾವೆ. ಅವಳದ್ದು ಆಡ್ತಾ ಇದೆ. ಮೆಹರ್ ಬಾನುನ ಕೇಳು."

ನನಗೂ ಹಾಗೇ ಅನ್ನಿಸಿತು. ನಾನು ಅವಳತ್ತ ತಿರುಗಿದೆ. ಅವಳು ಪಾತ್ರೆಯಲ್ಲಿ ಉಳಿದಿದ್ದ ಹಾಲನ್ನು ಎತ್ತಿ ಗಟಗಟ ಕುಡಿದು, ಪಾತ್ರೆ ಬೋರಲು ಹಾಕಿದಳು.

"ಈ ಮಕ್ಕಳ ಉಚ್ಚೆ ಬಟ್ಟೆ ಒಗೆದಿದ್ದೀನಿ ಸ್ವಾಮಿ. ವಿಷ ಹಾಕ್ತೀನಾ?"

"ಬಾಯಿ ಮಾಡಬೇಡ. ಠಾಣೆಗೆ ನಡಿ."

"ಸ್ವಲ್ಪ ತಡಿ ಮಾರಾಯ," ಅಂತು ಬಾಗಿಲಲ್ಲಿ ಒಂದು ಧ್ವನಿ.

*

ಯಮುನಮ್ಮ ಸರ್ಕಾರಿ ಸೂಲಗಿತ್ತಿ. ಊರಿಗೆಲ್ಲ ನರ್ಸಮ್ಮ. ಸೀತೂರಿಗೆ ಹೆರಿಗೆಗೆ ಹೋದವರು ಸುದ್ದಿ ಕೇಳಿ ಹಾಗೇ ಬಂದಿದ್ದರು. ಈ ಹನ್ನೆರಡು ಮಕ್ಕಳಲ್ಲಿ ಒಂಬತ್ತನ್ನು ಭೂಮಿಗೆ ಇಳಿಸಿದ ಕೈ ಅವರದ್ದು.

ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಪ್ರತಿ ತೊಟ್ಟಿಲಿನ ಮೇಲೂ ಬಗ್ಗಿ ಮಗುವಿನ ಬಾಯಿ ಮೂಸಿದರು. ಆಮೇಲೆ ಹಾಲು ಕುಡಿಸುವ ಒಳಲೆಗಳನ್ನು ಮೂಸಿದರು. ಕೊನೆಗೆ ಶಾಕಿರಾಳ ಬಾಯಿ ಮೂಸಿದರು. ಆ ಹುಡುಗಿ ನಕ್ಕಿತು.

"ಜಟ್ಟಪ್ಪ, ನೀನೂ ಮೂಸು."

ಕಲ್ಲಮ್ಮನ ಮಗುವಿನ ಬಾಯಿಗೆ ಮೂಗು ಒಡ್ಡಿದೆ. "ಹೋಳಿಗೆ ವಾಸನೆ."

"ಹೋಳಿಗೆ ಅಲ್ಲ, ಹೋಳಿಗೆಗೆ ಹಾಕೋ ಜಾಯಿಕಾಯಿ. ಮಗು ಮಲಗಲಿ ಅಂತ ತೇಯ್ದು ನೆಕ್ಕಿಸ್ತಾರಲ್ಲ, ಅದು. ಒಳಲೆಯಲ್ಲಿ ವಾಸನೆ ಇಲ್ಲ. ಹಾಲಿನಲ್ಲಿ ಬಂದಿದ್ದಲ್ಲ."

"ಹಾಗಾದ್ರೆ ಇವಳು ಬೇರೆ ಕೊಟ್ಟಿರಬೇಕು. ತನ್ನ ಮಗು ಬಿಟ್ಟು," ಎಂದೆ.

"ಬಿಟ್ಟು, ಸಾಕ್ಷಿಗೆ ಅಂತ ನಿನ್ನ ಬೂಟಿನ ಹತ್ರ ಆಡಲಿಕ್ಕೆ ಕಳಿಸಿದಳಾ?" ಯಮುನಮ್ಮ ಕಣ್ಣರಳಿಸಿದರು. "ಎಂತ ತಲೆ ಮಾರಾಯ ನಿಂದು. ಬಾ ನನ್ನ ಜೊತೆ."

*

ಗಿರಣಿಯ ಹಿಂದೆ ಕೂಲಿಯವರ ಲೈನ್ ಮನೆಗಳು. ದಾರಿಯಲ್ಲಿ ನನಗೆ ಹೊಸ ಯೋಚನೆ ಹೊಳೆಯಿತು. ಗಿರಣಿ ಮಾಲೀಕ ತಿಮ್ಮಣ್ಣ! ಗೋದಾಮು ವಾಪಸ್ಸು ಬೇಕು ಅಂತ ಎರಡು ಸಲ ಜಗಳ ತೆಗೆದಿದ್ದವನು. ಶಿಶುವಿಹಾರ ಮುಚ್ಚಿದರೆ ಅವನಿಗೇ ಲಾಭ. ಅಷ್ಟರಲ್ಲಿ ತಿಮ್ಮಣ್ಣನೇ ಎದುರಿಗೆ ಬಂದ. ಬಸ್ಸಿನ ಧೂಳು ಮೈತುಂಬ. ಎರಡು ದಿನದಿಂದ ಶೃಂಗೇರಿಯ ವಸತಿಗೃಹದಲ್ಲಿದ್ದನಂತೆ, ಈಗಷ್ಟೇ ಇಳಿದನಂತೆ. ಕೈಯಲ್ಲಿ ಪ್ರಸಾದದ ಪೊಟ್ಟಣ. "ಮಕ್ಕಳಿಗೆ ಎಂತ ಆಯ್ತು?" ಎಂದು ಕೇಳಿದವನ ಮುಖ ಬಿಳಿಚಿಕೊಂಡಿತ್ತು. ನನ್ನ ಎರಡನೇ ಅಪರಾಧಿಯೂ ಕೈತಪ್ಪಿದ.

ಕಲ್ಲಮ್ಮನನ್ನು ಜೊತೆಗೆ ಕರೆತಂದಿದ್ದ ಯಮುನಮ್ಮ ಅವಳ ಮನೆಯಲ್ಲಿ ನೇರ ಅಡುಗೆ ಮೂಲೆಗೆ ಹೋದರು. ಖಾರ ಅರೆಯುವ ಕಲ್ಲಿನ ಮೇಲೆ ಬೆರಳಾಡಿಸಿ ಮೂಸಿದರು.

"ಬೆಳಿಗ್ಗೆ ಎಷ್ಟು ಸುತ್ತು ತೇಯ್ದೆ ಕಲ್ಲಮ್ಮ?"

ಕಲ್ಲಮ್ಮ ಗೋಡೆಗೆ ಒರಗಿದಳು.

"ನಾನು ಬೈಯಲ್ಲ."

"ಏಳು," ಅಂದಳು, ಪಿಸುಮಾತಿನಲ್ಲಿ. ಆಮೇಲೆ ಕಟ್ಟೆ ಒಡೆಯಿತು. "ನಂದೊಂದೇ ಕೂಸು ಅಳ್ತದಂತೆ ನರ್ಸಮ್ಮ. ಉಳಿದಿದ್ದೆಲ್ಲ ಸುಮ್ಮನಿರ್ತಾವಂತೆ. ಸಾಹೇಬರ ಎದುರು ಅತ್ರೆ ಹೆಸರು ಹೊಡೆದು ಹಾಕ್ತಾರಂತೆ. ಮತ್ತೆ ಆ ಬೂದಿ ಗುಡ್ಡೆ ಹತ್ರ ಬಿಡ್ಲಾ ನಾನು? ದೊಡ್ಡೋಳ ಕಾಲು ನೋಡಿದೀರಲ್ಲ? ಅದಕ್ಕೇ ಕೊಟ್ಟೆ."

"ಯಾರು ಹಂಗಂದಿದ್ದು?" ನಾನು ಮುಂದೆ ನುಗ್ಗಿದೆ.

ಕಲ್ಲಮ್ಮ ತಲೆಯಾಡಿಸಿದಳು. "ಕೂಸಿನ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟೀನಿ. ಹೇಳಾಕಿಲ್ಲ."

"ಹೆಸರು ಬೇಡ," ಅಂದರು ಯಮುನಮ್ಮ. "ಉಳಿದ ಜಾಯಿಕಾಯಿ ಕೊಡು."

ಸಾಸಿವೆ ಡಬ್ಬಿಯಿಂದ ಅರ್ಧ ಹೋಳು ಬಂತು. ದುಂಡಗಿನ ಬೆನ್ನು ಒರಟಾಗಿ ಸವೆದಿತ್ತು. ಕತ್ತರಿಸಿದ ಮುಖ ಹಾಗೇ ಇತ್ತು. ಅದರ ಮೇಲೆ ಕೂದಲೆಳೆಯಂಥ ಒಂದು ಗೀರು.

ಒಬ್ಬೊಬ್ಬಳೇ ತಾಯಿಯನ್ನು ಕರೆಸಿಕೊಂಡು ಪಕ್ಕದ ಮನೆ. ಅದರ ಪಕ್ಕದ ಮನೆ. ಎಲ್ಲ ಕಡೆ ಅದೇ ಅಳು, ಅದೇ ಮಾತು. ನಂದೊಂದೇ ಕೂಸು ಅಳ್ತದಂತೆ. ಒಬ್ಬೊಬ್ಬಳಿಗೂ ಬೇರೆ ಬೇರೆಯಾಗಿ ಹೇಳಲಾಗಿತ್ತು. ಒಬ್ಬಳಿಗೂ ಇನ್ನೊಬ್ಬಳದ್ದು ಗೊತ್ತಿರಲಿಲ್ಲ. ನಾಚಿಕೆಯಿಂದ ಹನ್ನೊಂದು ಜನ ಬಾಯಿ ಮುಚ್ಚಿಕೊಂಡಿದ್ದರು. ದಿಂಬಿನಡಿಯಿಂದ, ಗಡಿಗೆಯೊಳಗಿಂದ, ಸೊಂಟದ ಗಂಟಿನಿಂದ ಹೋಳುಗಳು ಹೊರಬಂದವು. ಯಮುನಮ್ಮ ಎಲ್ಲವನ್ನೂ ಸೆರಗಿನ ತುದಿಗೆ ಕಟ್ಟಿಕೊಂಡರು.

ವಾಪಸ್ಸು ಬರುವಾಗ ಅಂಗಳದಲ್ಲಿ ಒಣಹಾಕಿದ ಭತ್ತದ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ತಿರುವಿ ಹಾಕುವವರು ಯಾರೂ ಇರಲಿಲ್ಲ. ಗಿರಣಿಯೇ ನಿದ್ದೆ ಹೋದಂತಿತ್ತು. ಯಮುನಮ್ಮನ ಸೆರಗಿನಿಂದ ಹಬ್ಬದ ಮನೆಯ ವಾಸನೆ ಬರುತ್ತಿತ್ತು. ನನಗೆ ಯಾಕೋ ನನ್ನ ಅವ್ವ ನೆನಪಾದಳು.

*

ನಾಲ್ಕೂಮುಕ್ಕಾಲು. ಪರಮಶಿವಯ್ಯ ಚೀಲ ಹೆಗಲಿಗೆ ಹಾಕಿ ನಿಂತಿದ್ದರು. ಯಮುನಮ್ಮ ಅವರ ಕಾಲ ಬಳಿ ಚಾಪೆಯ ಮೇಲೆ ಗಂಟು ಬಿಚ್ಚಿದರು.

"ನೋಡಿ ಸಾಹೇಬರೇ. ತಾಯಂದಿರೇ ಕೊಟ್ಟಿದ್ದು. ಮೆಹರ್ ಬಾನು ಅಲ್ಲ. ಕೊಡೋಕೆ ಹೇಳಿದವರು ಬೇರೆ ಒಬ್ಬರು. ನಿನ್ನೆ ಮನೆ ಮನೆಗೆ ಹೋಗಿ, ಗುಟ್ಟಾಗಿ."

ಅವರು ಹೋಳುಗಳನ್ನು ಒಂದಕ್ಕೊಂದು ಕೂಡಿಸಿದರು. ಎಳೆಗೆ ಎಳೆ ಸೇರಿ ಐದು ಇಡೀ ಕಾಯಿ ಆಯಿತು. ಒಂದು ಹೋಳು ಒಂಟಿಯಾಗಿ ಉಳಿಯಿತು.

"ಕತ್ತರಿಸಿದ್ದು ಆರು ಕಾಯಿ. ಹನ್ನೆರಡು ಹೋಳು. ಇದರ ಜೋಡಿ ಕತ್ತರಿಸಿದವರ ಹತ್ರವೇ ಉಳಿದಿರಬೇಕು. ಇನ್ನೊಂದು ವಿಷಯ. ಎಲ್ಲದರ ಮೇಲೂ ಒಂದೇ ಗೀರು. ಕತ್ತರಿಯ ಬಾಯಿ ಮುಕ್ಕಾಗಿದೆ. ಆ ಕತ್ತರಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ."

ನನಗೆ ಗೊತ್ತಿತ್ತು! ಜೇಬಿಗೆ ಕೈ ಹಾಕಿ ಮಧ್ಯಾಹ್ನ ಸಿಕ್ಕ ಅಡಿಕೆ ಹೋಳು ತೆಗೆದೆ. ಅದೇ ಗೀರು. ಇನ್ನೊಂದು ಹೋಳನ್ನು ಆಗಲೇ ಜಗಿದು ನುಂಗಿದ್ದೆ. ಸಾಕ್ಷ್ಯ ತಿಂದ ಪೊಲೀಸ್ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಎಲ್ಲರೂ ದಾಕ್ಷಾಯಣಮ್ಮನತ್ತ ನೋಡಿದರು. ಅವರು ಸಂಚಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಆಮೇಲೆ ಮೆಲ್ಲನೆ ಬಿಚ್ಚಿದರು. ಹನ್ನೆರಡನೇ ಹೋಳು ಚಾಪೆಯ ಮೇಲೆ ಬಿತ್ತು. ಜೋಡಿ ಕೂಡಿತು.

"ಒಳ್ಳೇದಕ್ಕೇ ಹೇಳಿದ್ದು ಯಮುನಾ," ಎಂದರು. "ಸಾಹೇಬರು ಬಂದಾಗ ಹನ್ನೊಂದೂ ಒಟ್ಟಿಗೆ ಅತ್ರೆ ಏನು ಗತಿ? ನೆರವು ನಿಲ್ಲಿಸಿದ್ರೆ? ಏಳು ಸುತ್ತು ಅಂದೆ. ನನ್ನ ಐದು ಮಕ್ಕಳಿಗೂ ಏಳೇ ಸುತ್ತು ಕೊಟ್ಟಿದ್ದು. ಒಂದಕ್ಕೂ ಏನೂ ಆಗಿಲ್ಲ."

"ಯಾವ ಕಲ್ಲಿನಲ್ಲಿ?" ಎಂದರು ಯಮುನಮ್ಮ.

"ನಮ್ಮತ್ತೆಯ ಸಾಣೆಕಲ್ಲು."

"ನಿಮ್ಮತ್ತೆಯ ಕಾಲದಿಂದ ಸವೆದು ನುಣ್ಣಗಾದ ಕಲ್ಲು. ನಾನು ನಿಮ್ಮನೆ ಬಾಣಂತನದಲ್ಲಿ ನೋಡಿದೀನಿ. ಅದರಲ್ಲಿ ಏಳು ಸುತ್ತು ತೇಯ್ದರೆ ಬೆರಳಿಗೆ ಬಣ್ಣ ಹತ್ತೋದೂ ಕಷ್ಟ. ಲೈನ್ ಮನೆಯವರಿಗೆ ಸಾಣೆಕಲ್ಲು ಎಲ್ಲಿಂದ ಬರಬೇಕಮ್ಮ? ಖಾರ ಅರೆಯೋ ಕಲ್ಲಿನಲ್ಲಿ ತೇಯ್ದಿದಾರೆ. ಹೊಸದಾಗಿ ಉಳಿ ಹೊಡೆದ ಕಲ್ಲು. ಅದೇ ಏಳು ಸುತ್ತಿಗೆ ನಾಲ್ಕು ಪಟ್ಟು ಇಳಿದಿದೆ."

ಅದು ದಾಕ್ಷಾಯಣಮ್ಮನಿಗೆ ಹೊಳೆದೇ ಇರಲಿಲ್ಲ.

ಅದನ್ನಾದರೂ ನಾನು ಕ್ಷಮಿಸುತ್ತಿದ್ದೆ. ಆದರೆ ಮಕ್ಕಳು ಏಳದಿದ್ದಾಗ ಹನ್ನೊಂದಕ್ಕೂ ಕಾರಣ ಗೊತ್ತಿದ್ದವರು ಆ ಕೋಣೆಯಲ್ಲಿ ಅವರೊಬ್ಬರೇ. ಡಾಕ್ಟರಿಗೆ ಹೇಳಲಿಲ್ಲ. ಮೆಹರ್ ಬಾನುವಿನತ್ತ ಬೆರಳು ತೋರಿಸಿದರು. ನಾನು ಆ ಬೆರಳು ಹಿಡಿದುಕೊಂಡು ಹೊರಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಒಂದೇ ಒಂದು ಗೊತ್ತಾಗಲಿಲ್ಲ," ಎಂದರು ಪರಮಶಿವಯ್ಯ. "ಹೋಳು ಹನ್ನೆರಡು, ಮಕ್ಕಳೂ ಹನ್ನೆರಡು. ಒಂದು ಯಾಕೆ ಉಳೀತು?"

ಯಮುನಮ್ಮ ಶಾಕಿರಾಳನ್ನು ಎತ್ತಿಕೊಂಡರು. "ನನಗೆ ಮೊದಲು ಅನುಮಾನ ಬಂದಿದ್ದೇ ಅಲ್ಲಿ. ಮಾಡಿದವರು ಎಲ್ಲಾ ತಾಯಂದಿರ ಹತ್ರ ಹೋಗಿದಾರೆ, ಇವಳೊಬ್ಬಳನ್ನು ಬಿಟ್ಟು. ಯಾರ ಕಣ್ಣಿಗೆ ಮೆಹರ್ ಬಾನು ಆಯಾ ಮಾತ್ರ, ತಾಯಿ ಅಲ್ಲವೋ, ಅವರೇ ಮಾಡಿದ್ದು. ಹಾಜರಿ ಪುಸ್ತಕ ಬರೆಯೋರು ಯಾರು, ಕೇಳಿ. ಇವಳ ಮಗುವಿನ ಹೆಸರು ಅದರಲ್ಲಿ ಇದೆಯಾ, ನೋಡಿ."

ಪರಮಶಿವಯ್ಯ ಪುಟ ತೆರೆದರು. ಹನ್ನೊಂದು ಹೆಸರು. ಬರಹ ದಾಕ್ಷಾಯಣಮ್ಮನದು.

"ನಾನು ಕೇಳಿದ್ದೆ ಸ್ವಾಮಿ," ಎಂದಳು ಮೆಹರ್ ಬಾನು. "ಕೆಲಸಕ್ಕೆ ಬಂದೋಳ ಮಗುಗೆಲ್ಲ ಸರ್ಕಾರ ಹಾಲು ಕೊಡಲ್ಲ ಅಂದ್ರು. ನನ್ನ ಪಾಲಿನ ಚಾದಲ್ಲಿ ಇವಳಿಗೆ ಕೊಡ್ತೀನಿ. ಆ ಮಕ್ಕಳ ಹಾಲು ಕೊಟ್ಟಿಲ್ಲ."

ರಸ್ತೆಯಲ್ಲಿ ಐದು ಗಂಟೆ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಪರಮಶಿವಯ್ಯ ಚೀಲ ಕೆಳಗಿಟ್ಟರು.

*

ದಾಕ್ಷಾಯಣಮ್ಮನ ಹೇಳಿಕೆ ಬರೆದುಕೊಂಡವನು ನಾನೇ. ಕೇಸೂ ಆಯಿತು, ಅಧ್ಯಕ್ಷಗಿರಿಯೂ ಹೋಯಿತು. ಸಹಿ ಹಾಕುವಾಗ ಅವರು ಅತ್ತರು.

ಆದರೆ ಅದು ಆಮೇಲಿನ ಮಾತು. ಅವತ್ತು ಸಂಜೆ ನಾವೆಲ್ಲ ಗೋದಾಮಿನ ನೆಲದ ಮೇಲೆ ಮಕ್ಕಳು ಏಳುವುದನ್ನು ಕಾಯುತ್ತಾ ಕೂತಿದ್ದೆವು. ತಾಯಂದಿರು ತೊಟ್ಟಿಲು ತೂಗುವುದನ್ನೂ ಮರೆತಿದ್ದರು. ಬಿಸಿಲುಕೋಲು ಗೋಡೆ ಹತ್ತಿ ಮಾಯವಾಯಿತು. ಮೆಹರ್ ಬಾನು ಲಾಟೀನು ಹಚ್ಚಿದಳು.

ಆಗ ಕಲ್ಲಮ್ಮನ ಮಗು ಕಾಲು ಝಾಡಿಸಿತು. ಮುಖ ಕಿವುಚಿತು. ಆಮೇಲೆ ಸೂರು ಹಾರಿಹೋಗುವಂತೆ ಅತ್ತಿತು.

ಕಲ್ಲಮ್ಮ ಬೆಚ್ಚಿ ಅದರ ಬಾಯಿಗೆ ಕೈ ಅಡ್ಡ ತಂದು, ಪರಮಶಿವಯ್ಯನವರತ್ತ ನೋಡಿದಳು.

"ಅಳಲಿ ಬಿಡಮ್ಮ," ಎಂದರು ಅವರು. ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮೊದಲ ಹೆಸರಿನ ಮುಂದೆ ಗುರುತು ಹಾಕಿದರು.

ಎರಡನೆಯದು ಅತ್ತಿತು. ಮೂರನೆಯದು. ಒಂದು ಸುಮ್ಮನಾದರೆ ಇನ್ನೊಂದು. ಒಂದೊಂದು ಅಳುವಿಗೂ ಒಂದು ಗುರುತು. ಅಷ್ಟು ಚೆಂದದ ಗಲಾಟೆ ನಾನು ಆಮೇಲೆ ಕೇಳಿಲ್ಲ. ಹನ್ನೊಂದನೆಯದಕ್ಕೆ ಗುರುತು ಹಾಕಿ, ಪರಮಶಿವಯ್ಯ ಅದರ ಕೆಳಗೆ ಹನ್ನೆರಡು ಅಂತ ಬರೆದರು. ಶಾಕಿರಾ, ತಾಯಿ ಮೆಹರ್ ಬಾನು, ಉದ್ಯೋಗ ಆಯಾ.

"ಎಲ್ಲಿ ಅವಳು?"

ಇಡೀ ದಿನ ಎಚ್ಚರವಿದ್ದ ಒಂದೇ ಮಗು ಈಗ ತಾಯಿಯ ಮಡಿಲಲ್ಲಿ ಮಲಗಿತ್ತು. ಅಷ್ಟು ಗಲಾಟೆಯಲ್ಲೂ ಕದಲಲಿಲ್ಲ. ಎಲ್ಲರೂ ಗಾಬರಿಯಿಂದ ಸುತ್ತ ಸೇರಿದರು. ಯಮುನಮ್ಮ ಲಾಟೀನು ಹಿಡಿದು ಬಗ್ಗಿ, ಅದರ ಬಾಯಿ ಮೂಸಿದರು.

"ಬರೀ ಚಾ ವಾಸನೆ," ಎಂದರು. "ನಾಳೆಯಿಂದ ಇವಳಿಗೂ ಹಾಲು ಕೊಡಿ."