ಇಲ್ಲದ ನೂರ ನಲವತ್ತೊಂದು

ಬೀರುವಿನ ಬಾಗಿಲು ತೆರೆದರೆ, ಪೆಟ್ಟಿಗೆ ಇರಬೇಕಾದಲ್ಲಿ ಧೂಳು ಕೂರದ ಒಂದು ಚೌಕ ಮಾತ್ರ ಇತ್ತು.

ಎರಡು ವರ್ಷ ಪತ್ರಿಕೆಗಳಿಂದ ಕತ್ತರಿಸಿ, ಹಾಳೆಗೆ ಅಂಟಿಸಿ, ನಂಬರು ಒತ್ತಿ ಕೂಡಿಟ್ಟ ಸುದ್ದಿತುಣುಕುಗಳ ಪೆಟ್ಟಿಗೆ! ಸೂರಿಲ್ಲದವರ ಬಗ್ಗೆ ಬರೆಯುವಾಗ ಪತ್ರಿಕೆಗಳು ತಪ್ಪನ್ನು ಅವರ ತಲೆಗೇ ಕಟ್ಟುತ್ತವೆಯೋ, ಸರ್ಕಾರವನ್ನು ಪ್ರಶ್ನಿಸುತ್ತವೆಯೋ — ಆ ಅಧ್ಯಯನದ ಮೂಲವೆಲ್ಲ ಅದರಲ್ಲೇ. ಹನ್ನೊಂದಕ್ಕೆ ಪತ್ರಕರ್ತರ ಕೈಗೆ ವರದಿ ಕೊಡಬೇಕು. ಈಗ ಹತ್ತು.

“ಬೀಗದ ಕೈ ಯಾರ ಹತ್ರ ಇತ್ತು?” ಎಂದರು ಪ್ರೊಫೆಸರು.

ಕೋಣೆಯಲ್ಲಿದ್ದವರು ಮೂವರೇ: ಪ್ರೊಫೆಸರು, ಅವರ ಕೈಕೆಳಗಿನ ಒಬ್ಬ ಹುಡುಗಿ, ಒಬ್ಬ ಹುಡುಗ. ಕಣ್ಣುಗಳೆಲ್ಲ ಹುಡುಗಿಯತ್ತ ತಿರುಗಿದವು. ತುಣುಕುಗಳನ್ನು ಕತ್ತರಿಸಿದವಳು ಅವಳೇ. ಅದಕ್ಕೇ ಅವಳಿಗೆ ಕತ್ತರಿ ಎಂದು ಹೆಸರು.

“ನನ್ನ ಹತ್ರ ಒಂದು, ನಿಮ್ಮ ಹತ್ರ ಒಂದು, ಸರ್.”

“ಅಂದ್ರೆ ನಾನೇ ಕದ್ದೆ ಅಂತೀಯಾ?”

ಪ್ರೊಫೆಸರು ಚಿಲಕ ಹಾಕಿದರು. ಅವಳ ಚೀಲ ಸುರಿದು ನೋಡಿದರು. ಎಲ್ಲರೂ ಕನ್ನಡಕದಣ್ಣ ಎನ್ನುವ ಜೊತೆಯ ಸಂಶೋಧಕನ ಚೀಲವನ್ನೂ ತಡಕಿದರು. ಆಮೇಲೆ ಅವಳ ಮುಂದೆ ಒಂದು ಬಿಳಿ ಹಾಳೆ, ಒಂದು ಪೆನ್ನು.

“ಕೆಲಸದಲ್ಲಿ ತಪ್ಪು ಮಾಡಿದ್ದೆ, ಮುಚ್ಚಿಡೋಕೆ ಪೆಟ್ಟಿಗೆ ಸಾಗಿಸಿದೆ ಅಂತ ಬರ್ದುಕೊಡು. ಪೊಲೀಸು ಗಿಲೀಸು ಬೇಡ. ಸುಮ್ನೆ ಹೋಗ್ಬಿಡು.”

ಮೂರನೇ ಮಹಡಿ. ಕಿಟಕಿಗೆ ಸರಳು. ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿತ್ತು. ಬರೆದರೆ ಕಳ್ಳಿ, ಎರಡು ವರ್ಷದ ದುಡಿಮೆ, ಪಿಎಚ್‌ಡಿ ಸೀಟು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬರೆಯದಿದ್ದರೆ ಪೊಲೀಸರು. ಇದರ ಮೇಲೆ, ಅವಳು ನಿಜವಾಗಿಯೂ ಒಂದು ತಪ್ಪು ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ. ಕತ್ತರಿಯೇ ಇಂದು ಅಡಕತ್ತರಿಗೆ ಸಿಕ್ಕಿದ್ದಳು.

ಬಾಗಿಲು ದಬದಬ ಎಂದಿತು.

“ಯಾಕ್ರೀ, ಹಗಲಲ್ಲೇ ಚಿಲಕ? ಒಳಗೇನು ಹೆರಿಗೆ ಆಗ್ತಿದೆಯಾ?”

ದೊಡ್ಡಮ್ಮ! ಮೂವತ್ತು ವರ್ಷದಿಂದ ಪತ್ರಿಕೆಯೊಂದರಲ್ಲಿ ಅಚ್ಚಿಗೆ ಹೋಗುವ ಮುನ್ನ ಪ್ರತಿ ಸಂಗತಿಯನ್ನೂ ತಾಳೆ ನೋಡುವ ಹೆಂಗಸು. ಮಂತ್ರಿಗಳೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆದರಿಕೆಯಿಂದ.

“ಕಳ್ಳತನ ಆಗಿದೆ ಮೇಡಂ,” ಎಂದರು ಪ್ರೊಫೆಸರು, ಅವರನ್ನು ಒಳಗೆ ಬಿಟ್ಟು ಮತ್ತೆ ಚಿಲಕ ಹಾಕುತ್ತ. “ಹುಡುಗಿ ಒಪ್ಕೊಳ್ತಿದಾಳೆ.”

“ಒಪ್ಕೊಂಡ್ಲಾ, ಒಪ್ಕೊಳ್ತಿದಾಳಾ?”

ಪ್ರೊಫೆಸರು ಬಿಳಿ ಹಾಳೆಯನ್ನು ಹುಡುಗಿಯತ್ತ ಇನ್ನಷ್ಟು ತಳ್ಳಿದರು. ದೊಡ್ಡಮ್ಮ ಅವರತ್ತಲೇ ತಿರುಗಿದರು.

“ಒಂದು ಗಂಟೆ ಮುಂಚೆ ಬಂದು ಮೂಲ ತುಣುಕು ನೋಡ್ತೀನಿ ಅಂತ ನಿನ್ನೆ ನಿಮಗೆ ಫೋನ್ ಮಾಡಿದ್ನಲ್ಲ, ಇವ್ರಿಗೆ ಹೇಳಿದ್ರಾ?”

“ಹೇಳಿದ್ದೆ... ಅನ್ಸುತ್ತೆ.”

ಕತ್ತರಿಯೂ ಕನ್ನಡಕದಣ್ಣನೂ ಇಲ್ಲವೆಂದು ತಲೆಯಾಡಿಸಿದರು.

ದೊಡ್ಡಮ್ಮ ಕುರ್ಚಿ ಎಳೆದು ಕೂತು, ಅಚ್ಚಿನ ವಾಸನೆ ಆರದ ವರದಿಯನ್ನು ಹಿಂದಿನಿಂದ ತೆರೆದರು. ಕೊನೆಯಲ್ಲಿ ಉದ್ದನೆಯ ಪಟ್ಟಿ. ಒಂದೊಂದು ತುಣುಕನ್ನೂ ಇಬ್ಬರು, ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣದಂತೆ ಓದಿ, ಜನರನ್ನು ದೂರಿದ್ದರೆ ಒಂದು, ಸರ್ಕಾರವನ್ನು ದೂರಿದ್ದರೆ ಎರಡು ಎಂದು ಹಾಕಬೇಕು. ಮೊದಲ ಓದು ಕತ್ತರಿಯದು, ಎರಡನೆಯದು ಕನ್ನಡಕದಣ್ಣನದು.

“ಮುನ್ನೂರ ಹನ್ನೆರಡಕ್ಕೆ ಮುನ್ನೂರ ಹನ್ನೆರಡೂ ತಾಳೆ! ನಂಗೆ ಮದುವೆಯಾಗಿ ನಲವತ್ತು ವರ್ಷ. ಅಡುಗೆಯ ಉಪ್ಪಿನಲ್ಲೂ ನಮ್ಮಿಬ್ರಿಗೆ ಒಮ್ಮತ ಆಗಿಲ್ಲ.”

“ಹಾಗಾದ್ರೆ ಇವನೇ ಅವಳದನ್ನ ನಕಲು ಮಾಡಿರ್ಬೇಕು!” ಪ್ರೊಫೆಸರು ಕನ್ನಡಕದಣ್ಣನತ್ತ ಬೆರಳು ತೋರಿಸಿದರು.

“ನಾನಾ? ಪ್ರತಿ ಹಾಳೆಯ ಬೆನ್ನಿಗೂ ಪೆನ್ಸಿಲಿನಲ್ಲಿ ನನ್ನ ಗುರುತು ಇದೆ, ಸರ್!”

“ಹಾಳೆಗಳು ಪೆಟ್ಟಿಗೇಲಿವೆ, ಪೆಟ್ಟಿಗೆ ಇಲ್ಲ,” ಎಂದರು ದೊಡ್ಡಮ್ಮ. “ನೋಡಿ ಮಕ್ಕಳೇ, ಮಾಡಿದವರಿಗೆ ಮಾತ್ರ ಗೊತ್ತಿರೋ ತಪ್ಪು ಪ್ರತಿ ಕೆಲಸದಲ್ಲೂ ಒಂದಿರುತ್ತೆ. ನಿಮ್ಮದರಲ್ಲಿ ಏನಿದೆ?”

ಕತ್ತರಿಯ ಕಣ್ಣು ಪಟ್ಟಿಯ ಮೇಲೆ ಇಳಿಯಿತು. ನೂರ ನಲವತ್ತು. ನೂರ ನಲವತ್ತೊಂದು — ಇಬ್ಬರ ಅಂಕಣದಲ್ಲೂ ‘ಒಂದು’.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಇಲ್ಲದ ಊರಿಗೆ ಹೋಗಿಬಂದೆವೆಂದು ಇಬ್ಬರು ಸಾಕ್ಷಿ ನುಡಿದರಂತೆ. ಅಲ್ಲಿ ಬಾವಿ ಯಾವ ದಿಕ್ಕಿಗೆ, ಎಂದು ರಾಜ ಬೇರೆ ಬೇರೆಯಾಗಿ ಕೇಳಿದನಂತೆ. ಇಬ್ಬರೂ ಮೂಡಣಕ್ಕೆ ಅಂದರಂತೆ. ಇಲ್ಲದ ಬಾವಿಗೆ ಒಂದೇ ದಿಕ್ಕು! ಪಾಠ ಹೇಳಿಕೊಟ್ಟವನು ಒಬ್ಬನೇ ಎಂದು ರಾಜನಿಗೆ ಆಗಲೇ ತಿಳಿಯಿತಂತೆ.

ಹೇಳಿದರೆ ಪ್ರೊಫೆಸರ ಮಾತಿಗೇ ಬಲ. ಹೇಳದಿದ್ದರೆ?

“ನೂರ ನಲವತ್ತೊಂದನೇ ತುಣುಕೇ ಇಲ್ಲ, ದೊಡ್ಡಮ್ಮ.” ಕತ್ತರಿ ಆ ಸಾಲಿನ ಮೇಲೆ ಬೆರಳಿಟ್ಟಳು. “ನಂಬರು ಒತ್ತುವಾಗ ಒಂದು ಹಾರಿಹೋಯ್ತು. ಗುರುತು ಹಾಕುವಾಗ ನಂಬರು ನೋಡದೆ ನೂರ ನಲವತ್ತೆರಡರದ್ದನ್ನ ಆ ಖಾಲಿ ಸಾಲಲ್ಲಿ ಹಾಕ್ಬಿಟ್ಟೆ. ಆಮೇಲೆ ಗೊತ್ತಾಗಿ ಅದರ ಸಾಲಲ್ಲೂ ಹಾಕಿದೆ. ಹೊಡೆದುಹಾಕಿದ್ರೆ ಸರ್ ಬೈತಾರೆ ಅಂತ ಹಾಗೇ ಬಿಟ್ಟೆ.”

“ನೋಡಿದ್ರಾ! ಅದನ್ನ ಮುಚ್ಚೋಕೇ —”

“ತಡೀರಿ. ಏನಪ್ಪಾ, ನೀನು ಅಲ್ಲಿ ಏನು ಬರೆದಿದ್ದೆ?”

“ಖಾಲಿ ಬಿಟ್ಟಿದ್ದೆ,” ಎಂದ ಕನ್ನಡಕದಣ್ಣ. “ಪಕ್ಕದಲ್ಲಿ ‘ತುಣುಕು ಎಲ್ಲಿ?’ ಅಂತ ಬೇರೆ ಬರೆದಿದ್ದೆ.”

“ಈಗ ಕಥೆ ಕಟ್ತಿದಾನೆ! ನಕಲು ಮಾಡಿದ್ದೇ ಇವನು.”

ದೊಡ್ಡಮ್ಮ ಮೇಜಿನ ಮೇಲಿದ್ದ, ಬಂದ ಕಾಗದಗಳನ್ನು ಬರೆದಿಡುವ ರಿಜಿಸ್ಟರು ಎಳೆದುಕೊಂಡರು. “ಎರಡನೇ ಓದಿನ ಪಟ್ಟಿ ಮುಚ್ಚಿದ ಕವರಿನಲ್ಲಿ ಬಂದದ್ದು ನಾಲ್ಕನೇ ತಾರೀಕು. ಮೊದಲ ಓದಿನದು ಒಂಬತ್ತಕ್ಕೆ. ಎರಡಕ್ಕೂ ನಿಮ್ಮದೇ ಸಹಿ. ಒಂಬತ್ತಕ್ಕೆ ಬಂದದ್ದನ್ನ ನಾಲ್ಕಕ್ಕೇ ನಕಲು ಮಾಡೋಕೆ ಇವನೇನು ಮಂತ್ರವಾದಿಯಾ? ಎರಡೂ ಪಟ್ಟಿ ಕೈಯಲ್ಲಿದ್ದದ್ದು ಒಬ್ಬರಿಗೆ. ವರದಿಗೆ ಟೈಪ್ ಮಾಡಿದ್ಯಾರು?”

“ಸರ್ ಅವರೇ,” ಎಂದಳು ಕತ್ತರಿ ಮೆಲ್ಲಗೆ.

“ಇವನ ಓದನ್ನ ಎಸೆದು ಇವಳದನ್ನೇ ಎರಡು ಸಲ ಟೈಪ್ ಮಾಡಿದ್ರಿ. ಇವಳ ತಪ್ಪೂ ಎರಡು ಸಲ ಅಚ್ಚಾಯ್ತು. ನಾನು ಬರ್ತೀನಿ ಅಂದ ಕೂಡಲೇ ಪೆನ್ಸಿಲ್ ಗುರುತಿನ ಪೆಟ್ಟಿಗೆ ಮಾಯ. ಚೀಲ ಎಲ್ಲ ಹುಡುಕಿದ್ರಲ್ಲ, ನಿಮ್ಮ ಕಾರಿನ ಡಿಕ್ಕಿ?”

ಪ್ರೊಫೆಸರ ಕೈ ತಾನಾಗಿ ಕಾರಿನ ಕೀಲಿಯಿದ್ದ ಜೇಬಿನ ಮೇಲೆ ಕೂತಿತು.

“ತೊಂಬತ್ತು ಕಡೆ ಇಬ್ಬರದೂ ಬೇರೆ ಬೇರೆ ಇತ್ತು,” ಎಂದರು ಕೊನೆಗೆ, ನೆಲ ನೋಡುತ್ತ. “ಹಾಗೇ ಕೊಟ್ಟಿದ್ರೆ ಯಾವ ಪತ್ರಿಕೆ ನಂಬ್ತಿತ್ತು?”

“ತೊಂಬತ್ತು ಅಂತ ಬರೆದಿದ್ರೆ ನಾನು ನಂಬ್ತಿದ್ದೆ.”

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು, ಪತ್ರಕರ್ತರು ಬಂದಿದ್ದರು. ಕತ್ತರಿ ಆ ಬಿಳಿ ಹಾಳೆಯನ್ನು ಎಳೆದುಕೊಂಡಳು. ‘ನೂರ ನಲವತ್ತೊಂದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದಳು. ಎದ್ದು ಹೋಗಿ ತಾನೇ ಚಿಲಕ ತೆಗೆದಳು.

“ಮೊದಲು ನನ್ನ ತಪ್ಪು ಓದ್ತೀನಿ,” ಎಂದಳು. “ಆಮೇಲೆ ಸರ್‌ದು.”